‘ಅವ್ವಾರು ಊಟ ಬಿಟ್ಟು ವರ್ಷ ಆತು’ ಎಂಬ ಮಾತು ಊರಿಗೆ ಬಂದಾಗ: ಪರಿಶೀಲನೆಯ ಕ್ರಮ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಊರುಗಳಲ್ಲಿ ಶ್ರಾವಣವೆಂದರೆ ಅನುಷ್ಠಾನದ ತಿಂಗಳು. 11 ದಿನ, 21 ದಿನ, 41 ದಿನ ಮೌನ ಕೂಡುತ್ತಾರೆ. ಕೆಲವರು ಹಾಲಿನ ಮೇಲೆ, ಕೆಲವರು ಬಿಲ್ವಪತ್ರೆಯ ರಸದ ಮೇಲೆ. ಇದರ ನಡುವೆ ಆಗಾಗ ಬೇರೆಯೇ ಒಂದು ಸುದ್ದಿ ಏಳುತ್ತದೆ: ಇಂಥ ಊರಲ್ಲಿ ಒಬ್ಬ ಅಜ್ಜಾರು ಆರು ತಿಂಗಳಿಂದ ಏನೂ ಮುಟ್ಟಿಲ್ಲಂತ, ಒಬ್ಬ ಅವ್ವಾರು ವರ್ಷದಿಂದ ಹನಿ ನೀರು ಕುಡಿದಿಲ್ಲಂತ. ವಾರದೊಳಗೆ ಟಂಟಂ ತುಂಬಿಕೊಂಡು ಜನ ಬರತೊಡಗುತ್ತಾರೆ. ಆಗ ‘ಇದು ಖರೇನೇನ್ರಿ?’ ಎಂಬ ಪ್ರಶ್ನೆ ಬಂದು ಬೀಳುವುದು ಊರ ಹಿರಿಯರ ಮೇಲೆ, ಮಠದ ಕಮಿಟಿಯವರ ಮೇಲೆ, ಶಾಲೆಯ ಮಾಸ್ತರರ ಮೇಲೆ, ಆಶಾ ಕಾರ್ಯಕರ್ತೆಯ ಮೇಲೆ. ಅವರು ಏನು ಕೇಳಬೇಕು, ಏನು ಅಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಇಲ್ಲಿದೆ.

ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಳ್ಳಿ. ಗದ್ದುಗೆಯ ಮೇಲೆ ಕೂತಿರುವುದು ಒಂದು ಜೀವ. ಹೇಳಿಕೆ ಸುಳ್ಳಾಗಿದ್ದರೆ ಆ ಜೀವಕ್ಕೆ ಅಪಾಯವಿಲ್ಲ, ಎಲ್ಲೋ ಒಂದು ಕಡೆಯಿಂದ ಊಟ ಸೇರುತ್ತಿದೆ. ನಿಜಕ್ಕೂ ಬಿಟ್ಟಿದ್ದರೆ ದಿನಗಳು ಎಣಿಕೆಯಲ್ಲಿವೆ. ಆದ್ದರಿಂದ ಪರೀಕ್ಷೆಯ ಮೊದಲ ಗುರಿ ಸುಳ್ಳನ್ನು ಹಿಡಿಯುವುದಲ್ಲ, ನಿಜಕ್ಕೂ ಬಿಟ್ಟವರನ್ನು ಬೇಗ ಗುರುತಿಸುವುದು.

ಬಿಟ್ಟದ್ದು ಏನನ್ನು?

ನಮ್ಮ ಕಡೆ ಊಟ ಅಂದರೆ ರೊಟ್ಟಿ, ಪಲ್ಯ, ಅನ್ನ. ತಾಟಿನ ಮುಂದೆ ಕೂಡದವರು ‘ಊಟ ಬಿಟ್ಟವರು’. ಹಾಲು ಊಟವಲ್ಲ, ಬಾಳೆಹಣ್ಣು ಊಟವಲ್ಲ, ಚಹಾ ಅಂತೂ ಲೆಕ್ಕಕ್ಕೇ ಬರುವುದಿಲ್ಲ. ಏಕಾದಶಿ ಹಿಡಿಯುವ ವಾರಕರಿ ಮನೆಗಳಲ್ಲಿ ಶಾಬೂದಾಣಿ, ಶೇಂಗಾ ತಿಂದರೂ ಅದು ಉಪವಾಸವೇ. ಹೀಗಾಗಿ ‘ಅವ್ವಾರು ಏನೂ ತಿನ್ನಂಗಿಲ್ಲ’ ಎನ್ನುವ ಭಕ್ತ ಬಹಳ ಸಲ ಸುಳ್ಳು ಹೇಳುತ್ತಿರುವುದಿಲ್ಲ. ಅವನ ಮಾತಿನಲ್ಲಿ ‘ಏನೂ’ ಎಂಬುದರ ಅರ್ಥ ಬೇರೆ. ಆ ಮಾತು ಹತ್ತು ಬಾಯಿ ದಾಟುವಷ್ಟರಲ್ಲಿ ಹಾಲು ಬಿದ್ದುಹೋಗಿ, ಹಣ್ಣು ಬಿದ್ದುಹೋಗಿ, ಕಡೆಗೆ ನೀರೂ ಬಿದ್ದುಹೋಗುತ್ತದೆ.

ಹಾಗಾಗಿ ಒಂದೊಂದನ್ನೇ ಹೆಸರಿಟ್ಟು ಕೇಳಿ, ಭಕ್ತರನ್ನಲ್ಲ, ಅವರನ್ನೇ: ‘ಅವ್ವಾರ, ನೀರು ತಗೋತೀರೇನ್ರಿ? ತೀರ್ಥ? ಹಾಲು? ಮಜ್ಜಿಗಿ? ಚಹಾ? ಎಳನೀರು? ಬೆಲ್ಲದ ಪಾನಕ? ಗುಳಿಗಿ, ಔಷಧ ಏನರ ನಡದೈತೇನ್ರಿ?’ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಬಹಳಷ್ಟು ಸುದ್ದಿಗಳು ಈ ಹಂತದಲ್ಲೇ ಬಗೆಹರಿಯುತ್ತವೆ ಎಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಲೆಕ್ಕ ಅಷ್ಟು ಸರಳ. ಒಂದು ಲೀಟರ್ ಎಮ್ಮೆಯ ಹಾಲಿನಲ್ಲಿ ಸುಮಾರು 1,000 ಕಿಲೊ ಕ್ಯಾಲೊರಿ ಇರುತ್ತದೆ, 35 ಗ್ರಾಮಿಗೂ ಹೆಚ್ಚು ಪ್ರೋಟೀನ್ ಇರುತ್ತದೆ. ಆಕಳ ಹಾಲಾದರೆ 650 ಕ್ಯಾಲೊರಿ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿಗೆ 100, 50 ಗ್ರಾಂ ಬೆಲ್ಲ ಹಾಕಿದ ಪಾನಕಕ್ಕೆ 190, ನೂರು ಗ್ರಾಂ ಶೇಂಗಾಕ್ಕೆ 550. 45 ಕಿಲೊ ತೂಕದ, ಕೂತಲ್ಲೇ ಕೂಡುವ ವಯಸ್ಸಾದ ಹೆಣ್ಣುಮಗಳಿಗೆ ದಿನಕ್ಕೆ 1,100–1,200 ಕ್ಯಾಲೊರಿ ಸಾಕು. ಲೀಟರ್ ಹಾಲು, ಎರಡು ಬಾಳೆಹಣ್ಣು, ಮುಗಿಯಿತು. ಇದರಲ್ಲಿ ಪವಾಡವೂ ಇಲ್ಲ, ಮೋಸವೂ ಇಲ್ಲ. ವ್ರತ ಇದೆ, ಅದಕ್ಕೆ ಕೈ ಮುಗಿಯಬಹುದು.

ಮಣಿಪುರದ ಇರೋಮ್ ಶರ್ಮಿಳಾ 2000ದ ನವೆಂಬರಿನಿಂದ 2016ರ ಆಗಸ್ಟ್‌ವರೆಗೆ, ಸುಮಾರು 16 ವರ್ಷ, ಉಪವಾಸ ಸತ್ಯಾಗ್ರಹ ಮಾಡಿದರು. ಬಾಯಿಯಿಂದ ಅವರು ಏನೂ ತೆಗೆದುಕೊಳ್ಳಲಿಲ್ಲ. ಮೂಗಿನ ನಳಿಕೆಯಲ್ಲಿ ಸರಕಾರ ಆಹಾರ ಕೊಡುತ್ತಿತ್ತು. ಅವರು ಅದನ್ನೆಂದೂ ಮುಚ್ಚಿಡಲಿಲ್ಲ. ‘ತಿನ್ನಲಿಲ್ಲ’ ಮತ್ತು ‘ದೇಹಕ್ಕೆ ಆಹಾರ ಹೋಗಲಿಲ್ಲ’ ಎಂಬ ಎರಡು ಮಾತಿನ ನಡುವಿನ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗುವುದಿಲ್ಲ.

ಪ್ರಶ್ನೆ ಮುಗಿದ ಮೇಲೆ ಹೇಳಿಕೆ ಮೂರರಲ್ಲಿ ಒಂದಾಗುತ್ತದೆ: ಧಾನ್ಯ ಬಿಟ್ಟವರು, ನೀರಿನ ಮೇಲೆ ಇರುವವರು, ನೀರನ್ನೂ ಬಿಟ್ಟವರು. ಮೊದಲನೆಯದಕ್ಕೆ ಪರೀಕ್ಷೆ ಬೇಡ. ಉಳಿದ ಎರಡಕ್ಕೆ ಮುಂದಿನ ಕ್ರಮ.

ಧರ್ಮ ಏನು ಹೇಳಿದೆ ಎಂದು ಕೇಳಿದರೆ

ಕೇಳಿಯೇ ಕೇಳುತ್ತಾರೆ. ಪತಂಜಲಿಯ ಯೋಗಸೂತ್ರದ ಮೂರನೆಯ ಪಾದದಲ್ಲಿ, ಕಂಠದ ಕುಳಿಯಲ್ಲಿ ಸಂಯಮ ಮಾಡಿದರೆ, ಅಂದರೆ ಮನಸ್ಸನ್ನು ಅಲ್ಲೇ ನಿಲ್ಲಿಸಿದರೆ, ಹಸಿವು ನೀರಡಿಕೆ ನಿಲ್ಲುತ್ತವೆ ಎಂಬ ಸೂತ್ರವಿದೆ. ನಾಲಿಗೆಯನ್ನು ಹಿಂದಕ್ಕೆ ಮಡಿಚುವ ಖೇಚರಿ ಮುದ್ರೆಯಲ್ಲಿ ಅಂಗುಳಿನಿಂದ ಅಮೃತ ಇಳಿಯುತ್ತದೆ ಎಂಬುದು ಹಠಯೋಗದವರ ಮಾತು. ಹಸಿವು ತಿಳಿಯದಿರುವುದು ಬೇರೆ, ಆಹಾರ ಬೇಡವಾಗುವುದು ಬೇರೆ. ಪೂರ್ತಿ ಉಪವಾಸದ ಮೂರನೆಯ ದಿನದ ಹೊತ್ತಿಗೆ ಯಾರಿಗಾದರೂ ಹಸಿವಿನ ಕಾಟ ತಗ್ಗಬಹುದು, ದೇಹ ಮಾತ್ರ ಕರಗುತ್ತಲೇ ಇರುತ್ತದೆ. ಅದೇ ಯೋಗದ ಬಗ್ಗೆ ಗೀತೆಯ ಆರನೆಯ ಅಧ್ಯಾಯ, ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನೂ ಉಣ್ಣದವನಿಗೂ ಇಲ್ಲ ಎನ್ನುತ್ತದೆ. ಹಸಿವಾದರೆ ಊರೊಳಗೆ ಭಿಕ್ಷಾನ್ನವಿದೆ ಎಂದು ವಚನದಲ್ಲಿ ಹೇಳಿಕೊಂಡವಳು ಎಲ್ಲವನ್ನೂ ಬಿಟ್ಟು ಹೊರಟ ಅಕ್ಕಮಹಾದೇವಿ.

ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯ ಜೈನ ಮನೆಗಳಲ್ಲಿ ಕಾಯಿಸಿದ ನೀರಿನ ಮೇಲೆ ದಿನಗಟ್ಟಲೆ ಉಪವಾಸ ಇರುತ್ತಾರೆ. ಸಲ್ಲೇಖನದಲ್ಲಿ ಆಹಾರವನ್ನು ಹಂತಹಂತವಾಗಿ ಬಿಡುತ್ತಾರೆ. ಆದರೆ ಸಲ್ಲೇಖನ ಹಿಡಿದವರು ಊಟವಿಲ್ಲದೆ ಬದುಕುತ್ತೇವೆ ಎನ್ನುವುದಿಲ್ಲ, ಅದರ ಕೊನೆ ಸಾವು ಎಂದು ತಿಳಿದೇ ಹಿಡಿಯುತ್ತಾರೆ. ರೋಜಾ ಹಿಡಿದವರಿಗೆ ಸಹರಿ ಇದೆ, ಇಫ್ತಾರ್ ಇದೆ. ಬಾದಾಮಿಯ ಬನಶಂಕರಿ ಬರಗಾಲದಲ್ಲಿ ಕಾಯಿಪಲ್ಯ ಕೊಟ್ಟು ಜನರನ್ನು ಉಳಿಸಿದ ಶಾಕಾಂಭರಿ, ಅವಳಿಗೆ ಪಲ್ಯೇದ ಹಬ್ಬದಲ್ಲಿ 108 ಬಗೆಯ ಪಲ್ಯಗಳ ನೈವೇದ್ಯ. 1876–78ರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯ ಊರೂರೇ ಬರಿದಾದವು. ಸತ್ತವರಲ್ಲಿ ಭಕ್ತಿ ಕಡಿಮೆ ಇತ್ತೆಂದು ಯಾರೂ ಹೇಳಲಾರರು. ಊಟವಿಲ್ಲದ ಬದುಕನ್ನು ಒಪ್ಪದಿದ್ದರೆ ಧರ್ಮ ಕೆಡುತ್ತದೆ ಎಂಬ ಅಂಜಿಕೆ ಬೇಡ.

ದೇಹದ ಲೆಕ್ಕ

ದೇಹದಲ್ಲಿ ಕೂಡಿಟ್ಟ ಸಕ್ಕರೆಯ ಅಂಶ, ಅಂದರೆ ಗ್ಲೈಕೋಜನ್, ಒಂದೆರಡು ದಿನದಲ್ಲಿ ಮುಗಿಯುತ್ತದೆ. ಆಮೇಲೆ ಕೊಬ್ಬು ಮತ್ತು ಸ್ನಾಯು ಉರಿಯುತ್ತವೆ. ಒಂದು ಕಿಲೊ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ಬರೀ ನೀರಿನ ಮೇಲೆ ಇದ್ದರೆ ಮೊದಲ ವಾರ ತೂಕ ವೇಗವಾಗಿ ಇಳಿದು, ನಂತರ ದಿನಕ್ಕೆ ಹೆಚ್ಚು ಕಡಿಮೆ 300 ಗ್ರಾಮಿನಂತೆ ಇಳಿಯುತ್ತದೆ. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯರಿ ಎಂಬುವರು 1965–66ರಲ್ಲಿ ವೈದ್ಯರ ನಿಗಾದಲ್ಲಿ, ವಿಟಮಿನ್ ಮತ್ತು ಲವಣ ತೆಗೆದುಕೊಳ್ಳುತ್ತ, 382 ದಿನ ಊಟವಿಲ್ಲದೆ ಇದ್ದರು. ಶುರುವಿನಲ್ಲಿ 207 ಕಿಲೊ ಇದ್ದವರು ಕೊನೆಗೆ 82 ಕಿಲೊ ಆದರು. ಭಾಗಿಸಿ ನೋಡಿ, ದಿನಕ್ಕೆ 327 ಗ್ರಾಂ. ಅವರು ಉಳಿದದ್ದು ಆ 125 ಕಿಲೊ ಕೈಯಲ್ಲಿ ಇದ್ದದ್ದಕ್ಕೆ. ಸಾಧಾರಣ ಮೈಕಟ್ಟಿನ ಸ್ವಾತಂತ್ರ್ಯ ಹೋರಾಟಗಾರ ಜತೀಂದ್ರನಾಥ ದಾಸ್ 1929ರಲ್ಲಿ ಲಾಹೋರ್ ಜೈಲಿನಲ್ಲಿ ಉಪವಾಸದ 63ನೆಯ ದಿನ ತೀರಿಕೊಂಡರು. 1981ರಲ್ಲಿ ಉತ್ತರ ಐರ್ಲೆಂಡಿನ ಜೈಲಿನಲ್ಲಿ ಉಪವಾಸ ಹೂಡಿದ 10 ಜನ ಸತ್ತದ್ದು 46ರಿಂದ 73 ದಿನಗಳ ನಡುವೆ.

ಇದನ್ನು ಊರಿನ ಹೇಳಿಕೆಗೆ ಹಚ್ಚಿ. 60 ಕಿಲೊ ತೂಕದವರು ಆರು ತಿಂಗಳಿಂದ ನೀರಿನ ಮೇಲೆ ಇದ್ದಾರೆಂದರೆ 180 ದಿನಕ್ಕೆ 300 ಗ್ರಾಮಿನಂತೆ 54 ಕಿಲೊ ಹೋಗಬೇಕು. ಉಳಿದ 6 ಕಿಲೊದಲ್ಲಿ ಮನುಷ್ಯ ಇರುವುದಿಲ್ಲ.

ನೀರಿನ ಲೆಕ್ಕ ಇನ್ನೂ ಬಿಗಿ. ಮೈಯೊಳಗಿನ ಕಸ ಹೊರಹಾಕಲು ಮೂತ್ರಪಿಂಡಕ್ಕೆ ದಿನಕ್ಕೆ ಅರ್ಧ ಲೀಟರ್ ಹತ್ತಿರ ಬೇಕು, ಉಪವಾಸದಲ್ಲಿ ತುಸು ಕಡಿಮೆ. ಉಸಿರು ಮತ್ತು ಚರ್ಮದಿಂದ ಕಾಣದಂತೆ ಹೋಗುವುದು 600–800 ಮಿಲಿಲೀಟರ್. ನೀರು ಕುಡಿಯದಿದ್ದರೆ ನೆರಳಲ್ಲಿ ಕೂತರೂ ದಿನಕ್ಕೆ ಒಂದು ಕಿಲೊ ಹತ್ತಿರ ತೂಕ ಇಳಿಯಲೇಬೇಕು. ಈ ಕಾಣದ ನಷ್ಟವನ್ನು ಇಟಲಿಯ ವೈದ್ಯ ಸ್ಯಾಂಟೋರಿಯೊ ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂತು ಅಳೆದು 1614ರಲ್ಲಿ ಪ್ರಕಟಿಸಿದ. ಮನೆಯಲ್ಲೂ ನೋಡಬಹುದು: ರಾತ್ರಿ ಮಲಗುವ ಮುನ್ನ ತೂಗಿ, ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗುವ ಮೊದಲು ಅದೇ ಬಟ್ಟೆಯಲ್ಲಿ ತೂಗಿ. 200–300 ಗ್ರಾಂ ಇಳಿದಿರುತ್ತದೆ. ಊರ ಜನರಿಗೆ ತಿಳಿಹೇಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ, ಪ್ರತಿಯೊಬ್ಬರೂ ತಮ್ಮ ಮೈಮೇಲೇ ನೋಡಿಕೊಳ್ಳುತ್ತಾರೆ.

ಕಾವಲಿಲ್ಲದ ಪರೀಕ್ಷೆ ಮೊದಲು

ಹಗಲು ರಾತ್ರಿ ಕಾಯುವುದಕ್ಕಿಂತ ಮುಂಚೆ ಎರಡು ಸಣ್ಣ ಕೆಲಸ ಮಾಡಿ. ಒಂದು, ಹಳೆಯ ತೂಕ ಹುಡುಕಿ: ಆರೋಗ್ಯ ಕೇಂದ್ರದ ಬಿಪಿ–ಸಕ್ಕರೆ ಚೀಟಿ, ಹಳೆಯ ಆಸ್ಪತ್ರೆ ಕಾಗದ. ‘ವರ್ಷದ ಹಿಂದೆ ಬಿಟ್ಟೆ’ ಎನ್ನುವವರ ತೂಕ ಅಂದಿಗೂ ಇಂದಿಗೂ ಒಂದೇ ಇದ್ದರೆ ಆಹಾರ ಹೋಗುತ್ತಿದೆ. ಎರಡು, ಮೂತ್ರದ ಕೀಟೋನ್ ಪಟ್ಟಿ. ಕೊಬ್ಬು ಉರಿದಾಗ ಹುಟ್ಟುವ ವಸ್ತು ಕೀಟೋನ್, ಅದನ್ನು ಈ ಪಟ್ಟಿ ತೋರಿಸುತ್ತದೆ. ಔಷಧ ಅಂಗಡಿಯಲ್ಲಿ ಸಿಗುತ್ತದೆ. ಹೊಸ ಮೂತ್ರದಲ್ಲಿ ಅದ್ದಿ, ಡಬ್ಬಿಯ ಮೇಲೆ ಬರೆದ ಸೆಕೆಂಡಿಗೆ ಸರಿಯಾಗಿ ಬಣ್ಣ ಹೋಲಿಸಬೇಕು. ತಡವಾದರೆ ಬಣ್ಣ ಗಾಢವಾಗಿ ದಾರಿ ತಪ್ಪಿಸುತ್ತದೆ. ಎರಡು ಮೂರು ದಿನ ನಿಜಕ್ಕೂ ಉಣ್ಣದವರ ಮೂತ್ರದಲ್ಲಿ ಕೀಟೋನ್ ಚೆನ್ನಾಗಿಯೇ ಬರುತ್ತದೆ. ಪಟ್ಟಿ ಬಣ್ಣವೇ ತಿರುಗದಿದ್ದರೆ ನಿನ್ನೆ ಮೊನ್ನೆ ಏನಾದರೂ ತಿಂದಿದ್ದಾರೆ. ಗಾಢ ಬಣ್ಣ ಬಂದು, ತೂಕವೂ ಇಳಿಯುತ್ತಿದ್ದರೆ ಜಂಬದ ಮಾತಲ್ಲ, ಊಟ ನಿಜಕ್ಕೂ ನಿಂತಿದೆ: ಪರೀಕ್ಷೆ ಅಲ್ಲಿಗೆ ಬಿಟ್ಟು ವೈದ್ಯರನ್ನು ಕರೆಯಿರಿ. ಸಕ್ಕರೆ ಕಾಯಿಲೆಯವರಲ್ಲಿ ಕೀಟೋನ್ ಕಂಡರೆ ಅದೇ ಗಳಿಗೆಗೆ 108.

ಕಾವಲು ಇಡುವುದಾದರೆ

ಮಕ್ಕಳು, ಬಸುರಿ, ಬಾಣಂತಿ, ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಈಗಾಗಲೇ ಸೊರಗಿದವರು, ಇವರ ಮೇಲೆ ಕಾವಲಿನ ಪರೀಕ್ಷೆ ಮಾಡಲೇಬಾರದು. ಮಾರ್ಚಿನಿಂದ ಮೇವರೆಗೂ ಬೇಡ. ನಮ್ಮ ಕಡೆಯ ಬಿಸಿಲಿನಲ್ಲಿ ಬೆವರಿನ ನಷ್ಟ ಲೆಕ್ಕ ಮೀರುತ್ತದೆ. ವೈದ್ಯರೊಬ್ಬರು ದಿನಕ್ಕೆ ಎರಡು ಸಲ ಬಂದು ನೋಡುವ ಏರ್ಪಾಡು ಇಲ್ಲದಿದ್ದರೆ ಆರಂಭಿಸಬೇಡಿ. ಬೆಳಗಾವಿಯ ಸರಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ಅಥವಾ ವಿಜಯಪುರ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಂಥ ಕಡೆ ಆದರೆ ರಕ್ತದ ಸೋಡಿಯಂ, ಯೂರಿಯಾ, ಕ್ರಿಯಾಟಿನಿನ್ ಕೂಡ ನೋಡಬಹುದು.

ಅವಧಿ: ನೀರೂ ಬಿಟ್ಟವರೆನ್ನುವವರಿಗೆ ಹೆಚ್ಚೆಂದರೆ 48 ತಾಸು, ನೀರಿನ ಮೇಲೆ ಇರುವವರಿಗೆ 72 ತಾಸು. ಹೆಚ್ಚು ದಿನ ಕಾದರೆ ಹೆಚ್ಚು ಖಾತ್ರಿ ಎಂಬುದು ತಪ್ಪು ತಿಳಿವಳಿಕೆ. ಬಿಗಿಯಾದ ಎರಡು ದಿನ ಸಡಿಲಾದ ಎರಡು ವಾರಕ್ಕಿಂತ ಮೇಲು. ಇಂಗ್ಲೆಂಡಿನ ಟಟ್‌ಬರಿಯ ಆ್ಯನ್ ಮೂರ್ ಎಂಬಾಕೆ 1808ರಲ್ಲಿ 16 ದಿನದ ಕಾವಲನ್ನು ಗೆದ್ದಳು, ದೇಶವೆಲ್ಲ ಹೆಸರಾಯಿತು. 1813ರಲ್ಲಿ ಮತ್ತೆ ಕಾವಲಿಟ್ಟಾಗ ಹಾಸಿಗೆಗೇ ತೂಕದ ಯಂತ್ರ ಜೋಡಿಸಿದರು. ದಿನದಿನಕ್ಕೆ ತೂಕ ಇಳಿಯಿತು, ಒಂಬತ್ತನೆಯ ದಿನಕ್ಕೆ ಸೋತಳು. ಮೊದಲ ಸಲ ಮಗಳು ಮುಖ ಒರೆಸುವ ನೆಪದಲ್ಲಿ ಹಾಲು, ಸಾರಿನಲ್ಲಿ ಅದ್ದಿದ ಬಟ್ಟೆ ತರುತ್ತಿದ್ದಳು, ಮುತ್ತಿಡುವಾಗ ಬಾಯಿಂದ ಬಾಯಿಗೆ ಊಟ ಕೊಡುತ್ತಿದ್ದಳು.

ಅನ್ನ, ನೀರು ಅವರ ಕೈಗೆಟುಕುವಲ್ಲಿ ಸದಾ ಇರಬೇಕು. ಕೋಣೆಗೆ ಬೀಗ ಹಾಕಬಾರದು. ನೀವು ತಡೆಯುವವರಲ್ಲ, ನೋಡುವವರು. ಅವರು ಕೈ ಚಾಚಿ ಕುಡಿದರೆ ‘ಕುಡಿರಿ ಅವ್ವಾರ’ ಎಂದು ಗ್ಲಾಸು ಕೊಟ್ಟು, ವೇಳೆ ಬರೆದುಕೊಂಡರೆ ಮುಗಿಯಿತು. ಇದನ್ನು ಮೊದಲೇ ಎಲ್ಲರೆದುರು ಹೇಳಿ.

ತೂಕದ ಯಂತ್ರ ಎಲೆಕ್ಟ್ರಾನಿಕ್ ಪ್ಲಾಟ್‌ಫಾರ್ಮಿನದು ಇರಲಿ, 50 ಗ್ರಾಂ ವ್ಯತ್ಯಾಸ ತೋರಿಸುವಂಥದು. ಮನೆಯ ಮುಳ್ಳಿನ ಯಂತ್ರ ಅರ್ಧ ಕಿಲೊ ಅತ್ತಿತ್ತ ಆಗುತ್ತದೆ, ಅದು ನಡೆಯುವುದಿಲ್ಲ. ಸಗಣಿ ಸಾರಿಸಿದ ನೆಲದ ಮೇಲೆ ಇಡಬೇಡಿ, ಗಟ್ಟಿ ಕಡಪಾ ಕಲ್ಲಿನ ಮೇಲೆ ಸಮಮಟ್ಟದಲ್ಲಿ ಇಡಿ. ಪ್ರತಿಸಲ ತೂಗುವ ಮೊದಲು ಒಂದು ಲೀಟರ್ ನೀರಿನ ಸೀಲ್ ಬಾಟಲಿ ಏರಿಸಿ ಇಳಿಸಿ ಅಂಕಿ ಸರಿಯಿದೆಯೇ ನೋಡಿ. ಆರು ತಾಸಿಗೊಮ್ಮೆ, ಅದೇ ಬಟ್ಟೆಯಲ್ಲಿ ತೂಗಬೇಕು. ಸೆರಗಿನ ಗಂಟು, ಸೊಂಟದ ಚೀಲ, ಕೊರಳ ಕರಡಿಗೆ ಇದ್ದರೆ ಪ್ರತಿಸಲವೂ ಇರಲಿ. ಇಷ್ಟಲಿಂಗ ತೆಗೆಯಲು ಹೇಳಬೇಡಿ, ಬೇಕಾಗಿಯೂ ಇಲ್ಲ.

ನೀರು ನುಸುಳುವ ಜಾಗ ಬಚ್ಚಲ ಮನೆ. ಜಳಕ ಮತ್ತು ಬಾಯಿ ಮುಕ್ಕಳಿಸುವುದು, ಪ್ರಸಿದ್ಧ ಪರೀಕ್ಷೆಗಳಲ್ಲೂ ಸಡಿಲು ಗಂಟು ಇವೇ ಆಗಿದ್ದುಂಟು. ಗುಜರಾತಿನ ಅಂಬಾಜಿಯ ಪ್ರಹ್ಲಾದ ಜಾನಿಯನ್ನು 2003ರಲ್ಲಿ 10 ದಿನ, 2010ರಲ್ಲಿ 15 ದಿನ ಅಹಮದಾಬಾದಿನ ಆಸ್ಪತ್ರೆಯಲ್ಲಿ ಇರಿಸಿ ನೋಡಿದರು. 2010ರದರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯವರೂ ಇದ್ದರು. ಮುಕ್ಕಳಿಸಲು, ಜಳಕಕ್ಕೆ, ಬಿಸಿಲು ಕಾಯಿಸಲು ಅವರಿಗೆ ಅವಕಾಶವಿತ್ತು. ಕ್ಯಾಮೆರಾದ ಕಣ್ಣಿಂದ ಅವರು ಹೊರಗೆ ಹೋಗುತ್ತಿದ್ದರೆಂದು ವಿಚಾರವಾದಿ ಸನಲ್ ಎಡಮರುಕು ತೋರಿಸಿದರು. ನೀವು ಹೀಗೆ ಮಾಡಿ: ಮುಕ್ಕಳಿಸಲು 100 ಮಿಲಿಲೀಟರ್ ಅಳೆದು ಕೊಡಿ, ಉಗುಳಿದ್ದನ್ನು ಅಳತೆಯ ಪಾತ್ರೆಯಲ್ಲೇ ಹಿಡಿಯಿರಿ. ಜಳಕದ ಮುಂಚೆ ತೂಗಿ, ಮೈ ಕೂದಲು ಒರೆಸಿಕೊಂಡ ಮೇಲೆ ಒಣಗಿದ ಅದೇ ಬಗೆಯ ಬಟ್ಟೆಯಲ್ಲಿ ಮತ್ತೆ ತೂಗಿ. ಜಳಕ ಮಾಡಿ ಬಂದವರ ತೂಕ 300 ಗ್ರಾಂ ಏರಿದ್ದರೆ ಆ ನೀರು ಒದ್ದೆ ಕೂದಲಿನಲ್ಲಿಲ್ಲ. 48 ತಾಸು ಜಳಕವನ್ನೇ ಬಿಟ್ಟು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಲು ಒಪ್ಪಿದರೆ ಇನ್ನೂ ಸುಲಭ, ಬಟ್ಟೆಯನ್ನು ಕೊಡುವಾಗಲೂ ಪಡೆಯುವಾಗಲೂ ತೂಗಿ.

ಕಾವಲಿಗೆ ಇಬ್ಬಿಬ್ಬರು, ನಾಲ್ಕು ತಾಸಿನ ಪಾಳಿ. ಒಬ್ಬರು ಭಕ್ತರ ಕಡೆಯವರು, ಒಬ್ಬರು ಹೊರಗಿನವರು. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ. ಕಾವಲು ಸೋಲುವುದು ನಸುಕಿನ ಎರಡರಿಂದ ನಾಲ್ಕರವರೆಗೆ, ಆ ಪಾಳಿಗೆ ಹಗಲು ನಿದ್ದೆ ಮಾಡಿದವರನ್ನು ಹಾಕಿ. ಕ್ಯಾಮೆರಾ ಒಂದೇ ಇದ್ದರೂ ಸಾಕು, ಗೋಡೆ ಗಡಿಯಾರ ಅದರಲ್ಲಿ ಕಾಣಬೇಕು, ಕರೆಂಟು ಹೋದರೆ ನಡೆಯಲು ಇನ್ವರ್ಟರ್ ಬೇಕು. ಮೈಗೆ ಮುಟ್ಟುವ ಪ್ರತಿಯೊಂದನ್ನೂ ಬರೆಯಿರಿ: ವಿಭೂತಿ, ಹೂವು, ತೀರ್ಥದ ಬಟ್ಟಲು, ಕರವಸ್ತ್ರ, ಮಡಿಲಿಗೆ ಬಂದ ಕೂಸು. ಕಾಲಿಗೆ ಬೀಳುವವರು ಎರಡು ಮಾರು ದೂರದಿಂದ ಬೀಳಲಿ.

ಲೆಕ್ಕ ಹೀಗೆ: ಬೆಳಗಿನ ತೂಕ 58.40 ಕಿಲೊ, ಮರುದಿನ ಅದೇ ಹೊತ್ತಿಗೆ 57.45. ಹೋದ ಮೂತ್ರ 350 ಮಿಲಿಲೀಟರ್. ಉಳಿದ 600 ಗ್ರಾಂ ಉಸಿರು, ಚರ್ಮದ್ದು. ಇದು ನಿಜವಾಗಿ ಏನೂ ತೆಗೆದುಕೊಳ್ಳದ ದೇಹ. ತೂಕ ನಿಂತಲ್ಲೇ ನಿಂತರೆ, ಇಲ್ಲವೆ ಯಾವುದೇ ಆರು ತಾಸಿನಲ್ಲಿ ಏರಿದರೆ, ಒಳಗೆ ಏನೋ ಹೋಗಿದೆ. ಗಾಳಿಯಿಂದ, ಬಿಸಿಲಿನಿಂದ ತೂಕ ಬರುವುದಿಲ್ಲ.

ತಕ್ಷಣ ನಿಲ್ಲಿಸಬೇಕಾದ ಹೊತ್ತು: ಶುರುವಿನ ತೂಕದ ನೂರಕ್ಕೆ 3 ಇಳಿದರೆ (58 ಕಿಲೊಗೆ ಸುಮಾರು 1.7), 12 ತಾಸು ಮೂತ್ರ ಬರದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಮಾತು ತೊದಲಿದರೆ, ನಾಡಿ ನಿಮಿಷಕ್ಕೆ 110 ದಾಟಿದರೆ ಅಥವಾ 50ಕ್ಕಿಂತ ಇಳಿದರೆ. ‘ಇನ್ನೊಂದು ರಾತ್ರಿ ನೋಡೋಣ’ ಎಂಬ ಮಾತಿಗೆ ಕಿವಿಗೊಡಬಾರದು. ವೇಲ್ಸ್‌ನ ಸಾರಾ ಜೇಕಬ್ ಎಂಬ 12 ವರ್ಷದ ಹುಡುಗಿ ಎರಡು ವರ್ಷದಿಂದ ಊಟ ಬಿಟ್ಟಿದ್ದಾಳೆಂದು ಪ್ರಸಿದ್ಧಿಯಾಗಿತ್ತು. 1869ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ದಾದಿಯರು ಬಂದು ಕಾವಲು ಕೂತರು. ಗುಟ್ಟಾಗಿ ಬರುತ್ತಿದ್ದ ಊಟ ನಿಂತಿತು. ಮಗು ಎಲ್ಲರ ಕಣ್ಣೆದುರೇ ಒಣಗಿ ಡಿಸೆಂಬರ್ 17ರಂದು ಸತ್ತಿತು. ತಂದೆ ತಾಯಿಗೆ ಜೈಲಾಯಿತು. ಕಾವಲು ಕೂತವರು ನೋಡುತ್ತಲೇ ಇದ್ದರು.

ಬಿಡಿಸುವಾಗ ಮಾಡುವ ತಪ್ಪು

ಉಪವಾಸ ಮುಗಿದ ದಿನ ಹೋಳಿಗೆ, ಹುಗ್ಗಿ, ತುಪ್ಪ ಉಣಿಸುವುದು ನಮ್ಮ ಪ್ರೀತಿಯ ರೀತಿ. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದವರಿಗೆ ಅದು ಪ್ರಾಣಕ್ಕೆ ಕುತ್ತು. ಒಮ್ಮೆಲೆ ಸಕ್ಕರೆ ಪಿಷ್ಟ ಒಳಬಂದಾಗ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಕ್ಕೆ ಸರಿಯುತ್ತವೆ. ಹೃದಯದ ಬಡಿತ ತಪ್ಪುತ್ತದೆ, ಉಸಿರಾಟ ಸೋಲುತ್ತದೆ. 2016ರಲ್ಲಿ ಹೈದರಾಬಾದಿನಲ್ಲಿ 13 ವರ್ಷದ ಬಾಲಕಿಯೊಬ್ಬಳು 68 ದಿನದ ಉಪವಾಸ ಮುಗಿಸಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಮುಗಿಯಿತಲ್ಲ, ಇನ್ನೇನು ಭಯ ಎಂದುಕೊಳ್ಳುವ ದಿನಗಳೇ ಭಯದ ದಿನಗಳು.

ಮೊದಲ ದಿನ ತೂಕದ ಕಿಲೊಗೆ 10 ಕ್ಯಾಲೊರಿ ಮೀರಬಾರದು, ತೀರ ಸೊರಗಿದವರಿಗೆ 5. ಅಂದರೆ 45 ಕಿಲೊದವರಿಗೆ ಇಡೀ ದಿನಕ್ಕೆ 450: ಒಂದು ಪಾವಿನಷ್ಟು ಹಾಲು ನೀರು ಬೆರೆಸಿ, 50 ಗ್ರಾಂ ಅಕ್ಕಿಯ ತಿಳಿ ಗಂಜಿ, ಅರ್ಧ ಬಾಳೆಹಣ್ಣು, ಎರಡು ತಾಸಿಗೊಮ್ಮೆ ಚೂರುಚೂರು. ಹಾಲಿನಲ್ಲಿ ಫಾಸ್ಫೇಟ್ ಇರುವುದರಿಂದ ಅದು ಗಂಜಿಗಿಂತ ಒಳ್ಳೆಯ ಆರಂಭ. ಪೂರ್ತಿ ಊಟಕ್ಕೆ ಬರಲು ನಾಲ್ಕರಿಂದ ಏಳು ದಿನ ಹಿಡಿಯಲಿ. ಊಟ ಶುರುವಾಗುವ ಮೊದಲೇ ಥಯಾಮಿನ್, ಅಂದರೆ ಬಿ1 ವಿಟಮಿನ್, ವೈದ್ಯರು ಕೊಡಬೇಕು. ಸುಸ್ತಾಗಿದ್ದಾರೆಂದು ಮನೆಗೇ ಕರೆಸಿ ಗ್ಲೂಕೋಸ್ ಸಲೈನ್ ಹಚ್ಚಿಸುವುದು ಊರೂರಲ್ಲಿ ಇದೆ. ಬಿ1 ಇಲ್ಲದೆ ಗ್ಲೂಕೋಸ್ ಏರಿದರೆ ಮಿದುಳಿಗೆ ಪೆಟ್ಟು ಬೀಳುತ್ತದೆ: ಕಣ್ಣಿನ ಚಲನೆ ತಪ್ಪುತ್ತದೆ, ನಡಿಗೆ ತೂಗುತ್ತದೆ, ನೆನಪು ಹೋಗುತ್ತದೆ. ಹತ್ತು ದಿನ ದಾಟಿದವರನ್ನು ಮನೆಯಲ್ಲಿ ಬಿಡಿಸಲೇಬೇಡಿ, ಆಸ್ಪತ್ರೆಯಲ್ಲಿ ದಿನವೂ ರಕ್ತ ನೋಡುತ್ತ ಬಿಡಿಸಬೇಕು.

ಹೇಳಿಕೆ ಹದಿಹರೆಯದ ಹುಡುಗಿಯದಾಗಿದ್ದರೆ ಬೇರೆ ಕಣ್ಣಿನಿಂದ ನೋಡಿ. ‘ಮೈಯಾಗ ದೇವಿ ಬಂದಾಳ, ಅನ್ನ ಒಲ್ಲೆ ಅಂತಾಳ’ ಎಂಬುದರ ಹಿಂದೆ ಮುಟ್ಟು ನಿಂತಿರುವುದು, ಕೈಕಾಲು ಸದಾ ತಣ್ಣಗಿರುವುದು, ಬೆನ್ನು ತೋಳಿನ ಮೇಲೆ ನವಿರು ಕೂದಲು ಬಂದಿರುವುದು ಕಂಡರೆ ಅದು ಊಟ ತೊರೆಯುವ ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಮದುವೆಯ ಒತ್ತಾಯ, ಮನೆಯ ಹಿಂಸೆ ಕೂಡ ಇರಬಹುದು. ತಾಯಿಯನ್ನು ಬಿಟ್ಟು ಒಬ್ಬಳನ್ನೇ, ಹೆಣ್ಣುಮಗಳೊಬ್ಬರು ಮಾತಾಡಿಸಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. 18ರ ಒಳಗಿನವರಾದರೆ ಮಕ್ಕಳ ಸಹಾಯವಾಣಿ 1098.

ಹಣದ ಪೆಟ್ಟಿಗೆ ಇಟ್ಟಿದ್ದರೆ, ರೋಗ ವಾಸಿಯ ಬ್ಯಾನರ್ ಕಟ್ಟಿದ್ದರೆ, 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಇದೆ, ಬ್ಯಾನರಿನ ಫೋಟೊ ತೆಗೆದು ಠಾಣೆಗೆ ಕೊಡಬಹುದು.

ದಾಖಲೆಯ ಹಾಳೆಯಲ್ಲಿ ಏಳು ಕಲಮು ಸಾಕು: ವೇಳೆ, ತೂಕ, ಬಾಟಲಿಯ ತೂಕ, ಮೂತ್ರದ ಅಳತೆ, ಕೀಟೋನ್ ಬಣ್ಣ, ನಾಡಿ–ಬಿಪಿ, ಮುಟ್ಟಿದ ವಸ್ತು. ಪ್ರತಿ ಸಾಲಿಗೂ ಪಾಳಿಯ ಇಬ್ಬರ ಸಹಿ. ತಿದ್ದಬೇಕಾದರೆ ಹಳೆಯ ಅಂಕಿ ಕಾಣುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಬಿಳಿ ಶಾಯಿ ಹಚ್ಚಬೇಡಿ. ಒಂದು ಪ್ರತಿ ಮೊದಲು ಅವ್ವಾರ ಕೈಗೆ ಕೊಡಿ, ಮನೆಯವರೆದುರು ಒಳಗೆ ಕೂತು ಓದಿ ಹೇಳಿ. ಕಟ್ಟೆಯ ಮೇಲೆ ಜನ ಸೇರಿಸಿ ಓದುವುದು ಆಮೇಲೆ, ಅದೂ ಅವರು ಒಪ್ಪಿದರೆ.